ಖಾಲಿ ಅಂಚು

ಲೋರ್ಕನ್ ಸತ್ತ ಮೇಲೆ ಅವನ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ಅದು ಇದ್ದದ್ದು ಹೋಬಾರ್ಟ್‌ನಿಂದ ಬಹುದೂರ ದಕ್ಷಿಣಕ್ಕೆ, ಪೆಂಗ್ವಿನ್‌ಗಳಿಗೂ ಬೇಸರ ಬರುವಂಥ ದ್ವೀಪವೊಂದರ ಹವಾಮಾನ ಠಾಣೆಯಲ್ಲಿ. ಚಳಿಗಾಲದಲ್ಲಿ ಅಲೆಯಳೆಯುವ ಕಂಬ ನೋಡಲು ಹೋದವನನ್ನು ಸಮುದ್ರ ಎಳೆದುಕೊಂಡಿತ್ತು, ಹೆಣವೂ ಸಿಗಲಿಲ್ಲ. ಈಗ ಠಾಣೆಯನ್ನೇ ಮುಚ್ಚುತ್ತಿದ್ದರು. ಸಂಜೆ ಕರೆಂಟು ತೆಗೆಯುವ ಮೊದಲು, ಅವನು ಕೊನೆಗೆ ಏನಾದರೂ ಬರೆದಿಟ್ಟಿದ್ದನೇ ಎಂಬುದು ಹೋಬಾರ್ಟ್‌ನಲ್ಲಿದ್ದ ಅವನ ಜೊತೆಗಾರ್ತಿ ಬ್ರೆನ್ನಾಗೆ ತಿಳಿಯಬೇಕಿತ್ತು.

ಅವನು ದ್ವೀಪಕ್ಕೆ ಹೋಗುವ ಮೊದಲು, ಪ್ರೋಗ್ರಾಂ ಬರೆಯುವವರು ಬಳಸುವ ಎಡಿಟರ್ ಒಂದನ್ನು ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಕಟ್ಟಿದ್ದರು. ಒಬ್ಬರ ಬದಲಾವಣೆಯನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಹಾಕುವ ತನಕ ಮನೆಗೆ ಹೋಗುವಂತಿಲ್ಲ ಎಂಬುದು ಅವರ ಕಟ್ಟಳೆ. ಲೋರ್ಕನ್ ಜಾಕೆಟ್ ತೊಟ್ಟು ಕುರ್ಚಿಯಲ್ಲಿ ಕಾಯುತ್ತಿದ್ದ. ಬ್ರೆನ್ನಾ ಬೇಕೆಂದೇ ಇನ್ನೊಂದು ಟೀ ಮಾಡಿಕೊಂಡು ಸತಾಯಿಸುತ್ತಿದ್ದಳು.

ಒಪ್ಪಿಗೆಯಾಗದ ಸಾಲುಗಳ ಪಕ್ಕ, ಪುಟದ ಅಂಚಿನಲ್ಲಿ, ಎಡಿಟರ್ ಹಸಿರು ಗೆರೆ ಎಳೆಯುತ್ತದೆ. ದ್ವೀಪದ ಯಂತ್ರದಲ್ಲಿದ್ದ ಲೋರ್ಕನ್‌ನ ಕಡತವನ್ನು ಬ್ರೆನ್ನಾ ದೂರದಿಂದಲೇ ತೆರೆದಾಗಲೆಲ್ಲ ಅಂಚು ಖಾಲಿ. ಸಾವಿರಾರು ಸಾಲುಗಳನ್ನು ಯಾರು ಓದುತ್ತಾರೆ? ಏನೂ ಇಲ್ಲವೆಂದು ನಂಬಿ ಮುಚ್ಚಿಬಿಡುತ್ತಿದ್ದಳು.

ಆ ಮಧ್ಯಾಹ್ನ ತಪ್ಪು ಕಣ್ಣಿಗೆ ಬಿತ್ತು. ಹೆಸರು ಟೈಪಿಸುವಾಗ ಬೆರಳು ತಪ್ಪದಿರಲೆಂದು ಎರಡೂ ಕಡೆಯ ಕಡತಗಳಿಗೆ ಒಂದೇ ಹೆಸರಿಟ್ಟಿದ್ದರಲ್ಲ, ಎಡಿಟರ್ ಕಡತವನ್ನು ದ್ವೀಪದಿಂದ ತಂದು, ಯಾವ ಸಾಲನ್ನು ಯಾರು ಬರೆದರು, ಒಪ್ಪಿಗೆಯಾಯಿತೇ ಎಂಬ ಚರಿತ್ರೆಯನ್ನು ಮಾತ್ರ ಬ್ರೆನ್ನಾಳ ಯಂತ್ರದಲ್ಲಿ ಕೇಳುತ್ತಿತ್ತು. ಅಲ್ಲಿ ಬಾಕಿ ಏನೂ ಇರಲಿಲ್ಲ. ಈ ಮನೆಯವನ ಜ್ವರಕ್ಕೆ ಪಕ್ಕದ ಮನೆಯವನ ನಾಡಿ ಹಿಡಿದಂತೆ. ಆ ಭಾಗ ಬರೆದವಳು ತಾನೇ ಎಂದು ನೆನಪಾಗಿ ಬ್ರೆನ್ನಾಗೆ ತಲೆ ಮೊಟಕಿಕೊಳ್ಳುವಂತಾಯಿತು. ದೂರದ ಕಡತವಾದರೆ ದೂರದ ಯಂತ್ರವನ್ನೇ ಕೇಳು ಎಂದು ತಿದ್ದಿ, ಮತ್ತೆ ತೆರೆದಳು.

ಕಡತದ ಕೊನೆಯಲ್ಲಿ ಅಂಚು ಹಸಿರಾಗಿತ್ತು. ಬರೆದವನು ಲೋರ್ಕನ್.

'ಬ್ರೆನ್, ನೋಡಿದ್ಯಾ? ಜಾಕೆಟ್ ಹಾಕ್ಕೊಂಡು ಕೂತಿದ್ದೀನಿ.'

ಅದರ ಕೆಳಗೆ ಅದೇ ಸಾಲು, ಮತ್ತೆ ಅದೇ, ಪುಟಗಟ್ಟಲೆ. ಮೊದಲನೆಯದು ಅವನು ಸತ್ತ ಮರುದಿನದ್ದು. ಕೊನೆಯದು ಆ ದಿನ ಬೆಳಗಿನದು.

ಬ್ರೆನ್ನಾ ಠಾಣೆಗೆ ಫೋನು ಹಚ್ಚಿದಳು. ಸಾಮಾನು ಕಟ್ಟುತ್ತಿದ್ದ ಟೆವಿಟಾ ಎತ್ತಿಕೊಂಡ. ಲೋರ್ಕನ್‌ನ ಮೇಜಿನಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆಂದು ಕೇಳಿದಳು.

"ಯಾರ್ ಮಾಡ್ತಾರೆ? ಕೀಬೋರ್ಡ್ ಪೆಟ್ಟಿಗೆ ಸೇರಿ ಆಯ್ತು," ಅಂದ ಟೆವಿಟಾ. ಆಮೇಲೆ ದನಿ ತಗ್ಗಿಸಿದ. "ಕುರ್ಚಿ ಮಾತ್ರ ದಿನಾ ಒದ್ದೆ ಇರುತ್ತೆ ಕಣಮ್ಮ. ಒರೆಸಿದ್ರೂ ಅಷ್ಟೇ. ನಾಲಿಗೆಗೆ ಹಚ್ಚಿ ನೋಡ್ದೆ, ಉಪ್ಪು."

ಒಪ್ಪಿಗೆ ಹಾಕದಿದ್ದರೆ ಅವನು ಅಲ್ಲೇ ಇರುತ್ತಾನೆ. ಆ ಆಸೆ ಅವಳಿಗೆ ಹುಟ್ಟಿತು, ನಾಚಿಕೆಯೂ ಆಯಿತು. ಕರೆಂಟು ಹೋದ ಖಾಲಿ ಠಾಣೆಯಲ್ಲಿ, ಹಸಿ ಜಾಕೆಟ್ಟಿನಲ್ಲಿ, ಇನ್ನೆಷ್ಟು ಕಾಲ ಅವನನ್ನು ಕೂರಿಸುವುದು? ಒಪ್ಪಿಗೆಯ ಜಾಗದಲ್ಲಿ ತನ್ನ ಹೆಸರು ಬರೆದು, 'ನೋಡ್ದೆ ಕಣೋ. ಹೊರಡು,' ಎಂದು ಸೇರಿಸಿ ಗುಂಡಿ ಒತ್ತಿದಳು.

ಹಸಿರು ಮಾಯವಾಯಿತು. ಇನ್ನೂ ಕಿವಿಯಲ್ಲೇ ಇದ್ದ ಫೋನಿನಲ್ಲಿ ಗಾಳಿ ಒಳನುಗ್ಗಿದ ಸದ್ದು ಕೇಳಿಸಿತು.

"ಬಾಗಿಲು ತೆಗ್ದಿದ್ದು ಯಾರು?" ಎಂದು ಟೆವಿಟಾ ಯಾರನ್ನೋ ಕೇಳುತ್ತಿದ್ದ.

ಬ್ರೆನ್ನಾ ಕಡತವನ್ನು ಮತ್ತೊಮ್ಮೆ ತೆರೆದಳು. ಅಂಚು ಖಾಲಿಯಿತ್ತು. ಸಂಜೆ ಠಾಣೆಯ ಸಂಪರ್ಕ ಕಡಿಯುವವರೆಗೂ ಅವಳು ಅದರ ಮುಂದೆ ಕಾದು ಕೂತಳು, ಜಾಕೆಟ್ ತೊಟ್ಟುಕೊಂಡೇ.