ಚಂದ್ರ ನೋಡಿಕೊಂಡ ಇಂಜಿನ್

ಬೀಜಾಡಿಯ ಸೂರಮಾವ ಮೀನಿನ ವ್ಯಾಪಾರ ಕುದುರಿದ ಮೇಲೆ, ತೊಂಬತ್ತೇಳನೇ ಇಸವಿಯಲ್ಲಿ, ಒಂದು ಡೀಸೆಲ್ ಅಂಬಾಸಿಡರ್ ಕೊಂಡರು. ಕೊಂಡದ್ದೇನೋ ಸರಿ, ಓಡಿಸಲು ಬರುತ್ತಿರಲಿಲ್ಲ. ಮಗ ವಿಶಾಲ್ ಇನ್ನೂ ಶಾಲೆಗೆ ಹೋಗುತ್ತಿದ್ದ. ಆಗ ನೆನಪಾದವನು ಅಕ್ಕ ವನಜಳ ಮಗ ಚಂದ್ರ. ಮುಂಬಯಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಅಲ್ಲಿಯ ಹೊಗೆ ಎದೆಗೆ ಆಗದೆ ಅವನು ಊರಿಗೆ ಬಂದು ಕೂತಿದ್ದ. ಮಾವ ಕರೆದರು, ಚಂದ್ರ ಹೋದ. ಬೆಳಕು ಹರಿಯುವ ಮೊದಲು ಗಂಗೊಳ್ಳಿಯ ಮೀನು ಬಂದರು, ಅಲ್ಲಿಂದ ಒಮ್ಮೆ ಬೈಂದೂರು, ಒಮ್ಮೆ ಮಲ್ಪೆ. ಮೀನು ಎಲ್ಲಿ ಬಿದ್ದಿದೆಯೋ ಅಲ್ಲಿಗೆ ಮಾವನ ಸವಾರಿ.

ಚಂದ್ರ ಆ ಕಾರನ್ನು ನೋಡಿಕೊಂಡ ರೀತಿಗೆ ಊರು ನಗುತ್ತಿತ್ತು. ಆಯಿಲ್ ಬದಲಾಯಿಸುವ ದಿನ ಅವನನ್ನು ಯಾರೂ ಬೇರೆ ಕೆಲಸಕ್ಕೆ ಕರೆಯುವಂತಿರಲಿಲ್ಲ. ಇಂಜಿನ್ ಬಿಸಿಯಿರುವಾಗಲೇ ಅಡಿಯ ಬೋಲ್ಟು ಬಿಚ್ಚಿ ಹಳೆಯದನ್ನು ಇಳಿಸಬೇಕು, ತಣ್ಣಗಾದರೆ ಕೊಳೆಯೆಲ್ಲ ತಳದಲ್ಲೇ ಕೂರುತ್ತದೆ ಎನ್ನುತ್ತಿದ್ದ. ಕೊನೆಯ ಹನಿ ಬೀಳುವವರೆಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಆಯಿಲ್ ಜೊತೆಗೆ ಫಿಲ್ಟರೂ ಹೊಸದೇ ಆಗಬೇಕು. ಬೀಜಾಡಿಯ ಬಾವಿನೀರಿನಲ್ಲಿ ಉಪ್ಪಿನಂಶವಿದೆಯೆಂದು ರೇಡಿಯೇಟರಿಗೆ ಮಳೆನೀರು ಹಿಡಿದು ಇಟ್ಟುಕೊಳ್ಳುತ್ತಿದ್ದ. ಬೆಳಿಗ್ಗೆ ಆಯಿಲ್ ಮಟ್ಟ ತೋರುವ ಗೇಜುಕಡ್ಡಿ ಎಳೆದು, ಅಂಟಿದ ಆಯಿಲನ್ನು ಬೆರಳಲ್ಲಿ ತಿಕ್ಕಿ ನೋಡದೆ ಚಾವಿ ತಿರುಗಿಸಿದವನಲ್ಲ.

ಹಡೆದ ಹೆಂಗಸಿಗೂ ಇಷ್ಟು ಎಣ್ಣೆನೀರು ಯಾರೂ ಮಾಡುವುದಿಲ್ಲ ಎಂದು ಸೂರಮಾವ ಗೇಲಿ ಮಾಡುತ್ತಿದ್ದರು. ಆದರೆ ಉಳಿದ ಸಾಹುಕಾರರ ಗಾಡಿಗಳು ಹೊಗೆ ಕಾರುತ್ತ ತಲ್ಲೂರಿನ ಏರಿನಲ್ಲಿ ನಿಂತಾಗ, ತಮ್ಮದು ಸದ್ದಿಲ್ಲದೆ ಮುಂದೆ ಹೋಗುವುದನ್ನು ಕಂಡು ಮೀಸೆಯಡಿ ನಗುತ್ತಿದ್ದವರೂ ಅವರೇ.

ಕೆಲವು ವರ್ಷ ಕಳೆದ ಮೇಲೆ ಮುಂಬಯಿಯ ಹಳೆಯ ಗೆಳೆಯನೊಬ್ಬ ಬೈಂದೂರಿನಲ್ಲಿ ಗ್ಯಾರೇಜು ಹಾಕಿದ. ಪಾಲಿಗೆ ಬಾ ಎಂದು ಚಂದ್ರನನ್ನು ಕರೆದ. ಚಂದ್ರನಿಗೆ ಮನಸ್ಸಿತ್ತು. ಹೇಳಿ ಹೋಗೋಣವೆಂದು ಮಾವನ ಮನೆಗೆ ಬಂದಾಗ ಊಟದ ಹೊತ್ತು. ಅಂದು ತಮ್ಮನ ಮನೆಗೆ ಬಂದಿದ್ದ ವನಜ ಬಡಿಸುತ್ತಿದ್ದಳು, ವಿಶಾಲ್ ಎದುರಿಗೆ ಕೂತು ಉಣ್ಣುತ್ತಿದ್ದ. ವಿಷಯ ಕೇಳಿ ಸೂರಮಾವ ತುತ್ತು ಕೆಳಗಿಟ್ಟರು.

"ನೀ ಹೋಪುದ್ ಬ್ಯಾಡ ಮಾಣಿ. ನಾನ್ ಇಪ್ಪಲ್ಲಿವರಿಗೆ ನಂಗ್ ಓಡ್ಸ್. ನಾನ್ ಹೋದ್ ಮೇಲೆ ಈ ಕಾರ್ ನಿಂದೇ."

ವನಜಳ ಕಣ್ಣು ಒದ್ದೆಯಾಯಿತು. ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಎಂಬ ಹಿರಿಯರ ಕಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಅದರ ಒಂದು ತುಣುಕಾದರೂ ತಮ್ಮನಲ್ಲಿ ಉಳಿದಿದೆಯಲ್ಲ ಎಂದು ಅವಳಿಗೆ ಕಂಡಿತು. ಚಂದ್ರ ಗೆಳೆಯನಿಗೆ ಬರುವುದಿಲ್ಲವೆಂದ. ಮುಂದೆ ತಲ್ಲೂರಿನ ಸ್ವರ್ಣಲತಾಳನ್ನು ಮದುವೆಯಾದಾಗ ಅವಳಿಗೂ ಇದನ್ನೇ ಹೇಳಿದ: ಕಾರು ನಮ್ಮದೇ ಆಗುತ್ತದೆ, ಇಂಜಿನ್ ಗಟ್ಟಿ ಇದೆ, ಮುಂದೆ ಕುಂದಾಪುರದ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿಗೆ ಹಾಕಿದರೆ ನಾವು ಯಾರ ಹಂಗಿನಲ್ಲೂ ಇರಬೇಕಿಲ್ಲ. ಮಾವ ಮಾತು ಕೊಟ್ಟಂದಿನಿಂದ ಅವನು ಆ ಕಾರನ್ನು ತನ್ನದೆಂದೇ ನೋಡಿಕೊಂಡ. ಬೈಂದೂರಿನ ಗ್ಯಾರೇಜು ಬೆಳೆಯಿತು, ಗೆಳೆಯ ಮಾಳಿಗೆ ಮನೆ ಕಟ್ಟಿಸಿದ. ಚಂದ್ರ ಆ ದಾರಿಯಲ್ಲಿ ಹೋಗುವಾಗ ಹಾರನ್ ಒತ್ತಿ ಕೈ ಬೀಸುತ್ತಿದ್ದ.

ಸೂರಮಾವನಿಗೆ ಪಾರ್ಶ್ವವಾಯು ಬಡಿದದ್ದು ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ. ಬಲಗೈ ಬಿತ್ತು, ಮಾತೂ ಬಿತ್ತು. ವ್ಯಾಪಾರ ವಿಶಾಲನ ಕೈಗೆ ಬಂತು. ಅವನು ಹೊಸ ಕಾರು ತೆಗೆದುಕೊಂಡ. ಅಪ್ಪನನ್ನು ಮಣಿಪಾಲಕ್ಕೆ ಒಯ್ದು ತರಲು ಮಾತ್ರ ಅಂಬಾಸಿಡರ್ ಉಳಿಯಿತು. ಒಂದು ದಿನ ಹಾಗೆ ಹಿಂದಿರುಗುವಾಗ, ಮುಂದಿನ ಸೀಟಿನಲ್ಲಿದ್ದ ಮಾವ ಎಡಗೈಯಿಂದ ಡ್ಯಾಶ್‌ಬೋರ್ಡನ್ನು ತಟ್ಟಿದರು. ಆಮೇಲೆ ಅದೇ ಕೈಯನ್ನು ಚಂದ್ರನ ಎದೆಗೆ ಮುಟ್ಟಿಸಿ, ಹಿಂದೆ ಕೂತಿದ್ದ ಮಗನ ಕಡೆ ತಿರುಗಲು ಹೆಣಗಾಡುತ್ತ ಏನೋ ಸದ್ದು ಮಾಡಿದರು. ಚಂದ್ರ ಗಾಡಿಯ ವೇಗ ತಗ್ಗಿಸಿದ. ಮೊಬೈಲು ನೋಡುತ್ತಿದ್ದ ವಿಶಾಲ್ ತಲೆಯೆತ್ತಿ, ಅಪ್ಪನಿಗೆ ಬಾಯಾರಿಕೆಯಾಗಿರಬೇಕು, ಎಲ್ಲಾದರೂ ನಿಲ್ಲಿಸಿ ನೀರು ಕೊಡಿ ಎಂದ. ಚಂದ್ರ ನಿಲ್ಲಿಸಿ ನೀರು ಕೊಟ್ಟ. ಮಾವ ಕುಡಿಯಲಿಲ್ಲ.

ಅವರು ತೀರಿಕೊಂಡು, ಉತ್ತರಕ್ರಿಯೆಯ ಬೊಜ್ಜ ಮುಗಿದು, ನೆಂಟರೆಲ್ಲ ಹೋದ ಮೇಲೆ ವಿಶಾಲ್ ಚಂದ್ರಭಾವನನ್ನು ಕರೆಸಿದ. ಚಂದ್ರ ಕಾರಿನ ಮಾತು ಬರುತ್ತದೆಂದು ತೊಳೆದ ಅಂಗಿ ಹಾಕಿಕೊಂಡು ಹೋದ. ಕಾರಿನ ಮಾತೇ ಬಂತು. ಬ್ರಹ್ಮಾವರದಿಂದ ಒಬ್ಬ ಟ್ಯಾಕ್ಸಿ ಮಾಲಕರು ನೋಡಲು ಬಂದಿದ್ದಾರೆ, ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ ತೋರಿಸಿ ಎಂದ.

ಕಡಲ ಗಾಳಿಗೆ ಬಾಡಿ ತಿಂದುಹೋಗಿತ್ತು. ಬಾಗಿಲ ಅಡಿಯಲ್ಲಿ ಕೈ ಹೋಗುವಷ್ಟು ತೂತು. ಬಂದವರು ಅದನ್ನು ನೋಡಲೂ ಇಲ್ಲ. ಗೇಜು ಎಳೆದು ನೋಡಿದರು. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದರು. ಹೊಗೆಯಿಲ್ಲ, ಹನಿ ಸಿಡಿಯಲಿಲ್ಲ. ಇಷ್ಟು ವರ್ಷದ ಇಂಜಿನ್ ಹೀಗಿರುವುದನ್ನು ತಾನು ಕಂಡಿಲ್ಲ, ಬಾಡಿ ಗುಜರಿಗೆ ಹಾಕಿ ಇಂಜಿನನ್ನು ತನ್ನ ಇನ್ನೊಂದು ಗಾಡಿಗೆ ಕೂರಿಸುತ್ತೇನೆ ಎಂದರು. ಯಾರು ನೋಡಿಕೊಂಡದ್ದು ಎಂದು ಕೇಳಿದಾಗ, ನಮ್ಮ ಮನೆಯ ಗಾಡಿ, ನಾವೇ ಎಂದ ವಿಶಾಲ್.

ಅವರು ಹೋಗುವವರೆಗೆ ಚಂದ್ರ ಕಾದ. ಆಮೇಲೆ ಕೇಳಿದ.

"ಮಾವ ಹೇಳಿದ್ದ್ ನಿಂಗೂ ಗೊತ್ತಿತ್ತಲ್ದಾ?"

ವಿಶಾಲನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. "ಅಪ್ಪ ಹೇಳಿದ್ದ್ ಹೌದ್ ಭಾವ. ಇಂಜಿನ್ ಹೋದ್ ಕಾರ್ ಆಗಿದ್ರೆ ನಾನ್ ನಿಮ್ಗೇ ಕೊಡ್ತಿದ್ದೆ. ಇಂಥಾ ಗಿರಾಕಿ ಬಂದ್ ನಿಂತಾಗ ಸುಮ್ನೆ ಕೊಡುಕ್ ಆತ್ತಾ?"

ಕಾರನ್ನು ತೊಳೆದು, ನಾಳೆ ನೀವೇ ಬ್ರಹ್ಮಾವರಕ್ಕೆ ಮುಟ್ಟಿಸಿ ಎಂದೂ ಹೇಳಿದ.

ಚಂದ್ರ ಕಾರನ್ನು ತನ್ನ ಮನೆಯಂಗಳಕ್ಕೆ ತಂದು ತೊಳೆದ. ವಿಶಾಲ್ ಆಡಿದ ಮಾತು ತಲೆಯೊಳಗೆ ಮರಳಿನ ಹಾಗೆ ತಿಕ್ಕುತ್ತಿತ್ತು. ತಾನು ಉಳಿದವರ ಹಾಗೆ ಓಡಿಸಿ ಬಿಸಾಡಿದ್ದರೆ ಇದು ಇಂದು ತನ್ನದಾಗುತ್ತಿತ್ತು. ಚೆನ್ನಾಗಿ ನೋಡಿಕೊಂಡದ್ದಕ್ಕೆ ಕೈ ತಪ್ಪಿತು. ಬೆಳಿಗ್ಗೆ ಎದ್ದವನು ಇಂಜಿನ್ ಬಿಸಿ ಮಾಡಿ, ಕಾರಿನ ಅಡಿಗೆ ನುಸುಳಿ ಬೋಲ್ಟು ಬಿಚ್ಚಿದ. ಆಯಿಲ್ ಡಬ್ಬಕ್ಕೆ ಇಳಿಯಿತು. ತಳದಲ್ಲಿ ಒಂದಿಷ್ಟು ಬಿಟ್ಟು ಬೋಲ್ಟನ್ನು ಮತ್ತೆ ಬಿಗಿದ. ಹೊಸದನ್ನು ತುಂಬಲಿಲ್ಲ.

ಬ್ರಹ್ಮಾವರಕ್ಕೆ ಹೊರಟು ಊರು ದಾಟುವಾಗ ಆಯಿಲ್ ಲೈಟು ಮಿಣುಕಿತು. ತೆಕ್ಕಟ್ಟೆಯ ಹತ್ತಿರ ಅದು ಆರದೆ ಉರಿಯತೊಡಗಿತು. ಕೋಟದಲ್ಲಿ ಪೆಟ್ರೋಲ್ ಪಂಪೊಂದು ಕಂಡಾಗ ಚಂದ್ರನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಅಲ್ಲಿ ನಿಲ್ಲಿಸಿ ಆಯಿಲ್ ಹಾಕಿಸಿದ್ದರೆ ಏನೂ ಆಗುತ್ತಿರಲಿಲ್ಲ. ವಿಶಾಲನ ಮುಖ ನೆನಪಾಯಿತು. ನಮ್ಮ ಮನೆಯ ಗಾಡಿ, ನಾವೇ. ಕಾಲನ್ನು ಎಕ್ಸಲರೇಟರಿಗೆ ತಂದು ಒತ್ತಿದ.

ಸಾಲಿಗ್ರಾಮಕ್ಕೆ ಮೊದಲೇ ಒಳಗಿನಿಂದ ಬಡಿತ ಕೇಳತೊಡಗಿತು. ಅವನ ಕಿವಿಗೆ ಆ ಇಂಜಿನಿನ ಎಲ್ಲ ಸದ್ದೂ ಗೊತ್ತಿತ್ತು. ಈ ಸದ್ದನ್ನು ಅದರಿಂದ ಎಂದೂ ಕೇಳಿರಲಿಲ್ಲ. ತಡೆಯಲಾರದೆ ಬದಿಗೆ ಎಳೆಯುವಷ್ಟರಲ್ಲಿ ಅದು ಒಮ್ಮೆ ಕಿರುಚಿ ಹಿಡಿದುಕೊಂಡು ನಿಂತೇಬಿಟ್ಟಿತು. ರಸ್ತೆಬದಿಯಲ್ಲಿ ಬಾನೆಟ್ ಎತ್ತಿ ನಿಂತ ಚಂದ್ರನಿಗೆ, ಬಿಸಿಯಾದ ಕಬ್ಬಿಣದ ವಾಸನೆಯ ಮುಂದೆ, ಗೆದ್ದೆ ಎಂದು ಅನಿಸಲಿಲ್ಲ. ಚಾವಿಯನ್ನು ಮತ್ತೆ ಮತ್ತೆ ತಿರುಗಿಸಿದ. ಇಂಜಿನ್ ಅಲುಗಲಿಲ್ಲ.

ಬ್ರಹ್ಮಾವರದ ಮಾಲಕರು ತಮ್ಮ ಮೆಕ್ಯಾನಿಕನನ್ನು ಕರೆದುಕೊಂಡು ಬಂದರು. ಗೇಜು ಒಣಗಿ ಬಂತು. ಅಡಿಯ ಆಯಿಲ್ ಸಂಪಿನ ಸೀಲು ಹೋಗಿರಬೇಕು ಎಂದ ಚಂದ್ರ. ಮೆಕ್ಯಾನಿಕ್ ಅಡಿಗೆ ಬಗ್ಗಿ ನೋಡಿ, ಎಲ್ಲೂ ಸೋರಿದ ಗುರುತಿಲ್ಲ, ಹೊರಡುವಾಗ ಗೇಜು ನೋಡಲಿಲ್ಲವೇ ಎಂದು ಕೇಳಿದ. ಚಂದ್ರ ಬಾನೆಟ್ ಇಳಿಸಿದ. ವ್ಯಾಪಾರ ಮುರಿಯಿತು.

ಸುದ್ದಿ ಊರಿಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಅಷ್ಟೆಲ್ಲ ಎಣ್ಣೆನೀರು ಮಾಡಿದವನು ಕೊನೆಗೆ ಎಣ್ಣೆ ಇಲ್ಲದೆಯೇ ಓಡಿಸಿದನಂತೆ ಎಂದು ಜನ ನಕ್ಕರು. ಮುಂದೆ ಅವನು ಡ್ರೈವರ್ ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ಆ ನಗು ಅವನಿಗಿಂತ ಮೊದಲೇ ಬಂದು ಕೂತಿರುತ್ತಿತ್ತು. ಕಡೆಗೆ ಸಿಕ್ಕಿದ್ದು ಒಂದು ಶಾಲೆಯ ವ್ಯಾನು. ಸರ್ವಿಸಿನ ಸುದ್ದಿಗೆ ಹೋಗಬೇಡ, ಓಡಿಸಿದರೆ ಸಾಕು ಎಂದರು ಅದರ ಮಾಲಕರು.

ವಿಶಾಲ್ ಮಾತ್ರ ಒಂದು ಕಟು ಮಾತೂ ಆಡಲಿಲ್ಲ. ಲಾರಿಗೆ ಕಟ್ಟಿ ಎಳೆಸಿ ಅಂಬಾಸಿಡರನ್ನು ಚಂದ್ರನ ಅಂಗಳದಲ್ಲಿ ನಿಲ್ಲಿಸಿದ. "ಹೇಳಿದ್ದೆ ಅಲ್ದಾ ಭಾವ? ಈಗ ಇದ್ ನಿಮ್ದೇ," ಎಂದು ಚಾವಿ ಕೈಗಿಟ್ಟು ಹೋದ.

ಸ್ವರ್ಣಲತಾ ಅಂದು ಕೊಟ್ಟಿಗೆಯ ಮೂಲೆಯಲ್ಲಿ ಆಯಿಲ್ ತುಂಬಿದ ಡಬ್ಬವನ್ನು ನೋಡಿದಳು. ಬೊಜ್ಜಕ್ಕೆ ಮೊದಲು ಗಂಡ ಆಯಿಲ್ ಬದಲಾಯಿಸಿದ್ದು ಅವಳಿಗೆ ನೆನಪಿತ್ತು. ಆ ಹಳೆಯದನ್ನು ಗೆದ್ದಲು ಹಿಡಿಯದಂತೆ ಬೇಲಿಯ ಗೂಟಗಳಿಗೆ ಬಳಿದು ಮುಗಿಸಿದವಳು ಅವಳೇ.

"ಈ ಎಣ್ಣಿ ಯಾವ್ದ್?" ಎಂದಳು.

ಚಂದ್ರ ಡಬ್ಬವನ್ನು ಎತ್ತಿ ಹಿತ್ತಲಿಗೆ ಒಯ್ದ. ಬೈಂದೂರು, ಟ್ಯಾಕ್ಸಿ, ಕುಂದಾಪುರದ ಸ್ಟ್ಯಾಂಡು, ಯಾವುದರ ಮಾತನ್ನೂ ಅವಳು ಆಮೇಲೆ ಎತ್ತಲಿಲ್ಲ.

ಸಂತೋಷಪಟ್ಟವಳು ವನಜ ಒಬ್ಬಳೇ. ಅವಳಿಗೆ ಇಂಜಿನಿನ ಸಂಗತಿ ತಿಳಿಯುತ್ತಿರಲಿಲ್ಲ. ಕೆಟ್ಟದ್ದು ರಿಪೇರಿಯಾಗುತ್ತದೆ, ಕೊಟ್ಟ ಮಾತು ಮುಖ್ಯ ಎಂದುಕೊಂಡಳು. ಜಗಲಿಯಲ್ಲಿ ತಾನು ಮಾರುವ ಮೀನು ಕೊಳ್ಳಲು ಬಂದವರಿಗೆಲ್ಲ ಅಂಗಳದ ಕಾರನ್ನು ತೋರಿಸಿ, ತಮ್ಮ ಆಡಿದ ಮಾತನ್ನು ಅವನ ಮಗ ನಡೆಸಿಕೊಟ್ಟ ಕತೆ ಹೇಳುತ್ತಿದ್ದಳು. ಒಂದು ದಿನ ಚಂದ್ರ ವ್ಯಾನು ಬಿಟ್ಟು ಬಂದಾಗ ಜಗಲಿಯಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ವನಜ ಮಗನನ್ನು ಕರೆದು ನಿಲ್ಲಿಸಿದಳು.

"ವಿಶಾಲ ಅಪ್ಪನ್ ಮಾತ್ ಉಳ್ಸ್‌ದ. ಅಲ್ದಾ ಚಂದ್ರ?"

ಒಳಗೆ ಸ್ವರ್ಣಲತಾ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತು.

"ಹೌದಮ್ಮ," ಎಂದ ಚಂದ್ರ. ಕಾಲು ತೊಳೆಯಲು ಬಾವಿಕಟ್ಟೆಯ ಕಡೆ ಹೋದ.