ನಲವತ್ತೈದಕ್ಕೆ ಎರಡು ಕಡಿಮೆ

ದುಬೈಯ ದೇರಾದ ಮೀನು ಮಾರುಕಟ್ಟೆಯಲ್ಲಿ ಲೋಕವೆಲ್ಲ ಕಿವಿರು ಬಿಡಿಸಿ ಮೀನಿನ ತಾಜಾತನ ನೋಡುತ್ತಿದ್ದರೆ, ಪಾಯ್ಸರು ಮಾತ್ರ ತಮ್ಮ ಖಾಕಿ ವೇಸ್ಟ್‌ಕೋಟಿನ ಹದಿಮೂರು ಜೇಬುಗಳಲ್ಲಿ ಒಂದರಿಂದ ದರ್ಜಿಯ ಟೇಪು ತೆಗೆದು, ಮೂತಿಯಿಂದ ಬಾಲದ ತುದಿಯವರೆಗೆ ಹಿಡಿದು, "ಸರಿಯಾಗಿ ಹೇಳುವುದಾದರೆ ಇದು ಮೂವತ್ತೆಂಟು. ಇದನ್ನು ಹಿಡಿಯಲೇಬಾರದಿತ್ತು" ಎನ್ನುತ್ತಿದ್ದರು. ಮಾರುವವನ ಮುಖ ಕಪ್ಪಿಡುತ್ತಿತ್ತು. ಪಕ್ಕದಲ್ಲಿ ಚೀಲ ಹಿಡಿದು ನಿಂತ ಹೆಂಡತಿ ಮಾರ್ಟಿನಾಳ ಮುಖ ಅದಕ್ಕಿಂತ ಕಪ್ಪಾಗುತ್ತಿತ್ತು. ಹಮ್ಮೂರ್, ಅಂದರೆ ನಮ್ಮೂರ ಮುರು ಮೀನು, ನಲವತ್ತೈದು ಸೆಂಟಿಮೀಟರ್ ತುಂಬುವ ಮೊದಲು ಹಿಡಿಯಬಾರದೆಂಬ ನಿಯಮವನ್ನು ಆ ದೇಶದಲ್ಲಿ ಅಷ್ಟು ಶ್ರದ್ಧೆಯಿಂದ ಕಂಠಪಾಠ ಮಾಡಿದವರು ಇನ್ನೊಬ್ಬರಿದ್ದರೆ, ಅವರ ಹೆಂಡತಿಯನ್ನು ಒಮ್ಮೆ ಕಾಣಬೇಕೆಂಬ ಆಸೆ ಆಕೆಗಿತ್ತು.

ಕಲ್ಯಾಣಪುರದ ಹೊಳೆಬದಿಯಲ್ಲಿ ಹುಟ್ಟಿ, ದೇರಾದ ಹೋಟೆಲೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದ ಪಾಯ್ಸರು ನುಣುಪು ಬಂಡೆಯ ಮೇಲಿರುವವರಂತೆ ಸಪಾಟು ನೆಲದಲ್ಲೂ ಹಿಮ್ಮಡಿ ಎತ್ತಿ ನಡೆಯುತ್ತಿದ್ದರು. ಅಲ್ಲಿನ ವಾರದ ರಜೆಯಾದ ಪ್ರತಿ ಶುಕ್ರವಾರ ಬೆಳಕು ಹರಿಯುವಾಗ, ಮುರಕ್ಕಬಾತ್ ಬಡಾವಣೆಯ ಅವರ ಕಟ್ಟಡದ ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ ಉಮ್ಮರಬ್ಬನ ಕಾರಿನಲ್ಲಿ ಅಬುಧಾಬಿ ಕಡೆಯ ಒಂದು ಸಣ್ಣ ಕೊಲ್ಲಿಗೆ ಗಾಳ ಹಾಕಲು ಹೋಗುವರು. ಕೈಯಲ್ಲಿ ಗಾಳಕ್ಕೆ ಸಿಕ್ಕಿಸುವ ಬೊಂಡಾಸಿನ ವಾಸನೆ ಹೊತ್ತು ನೇರ ಇಗರ್ಜಿಗೆ ಬಂದು ಮಾರ್ಟಿನಾಳ ಪಕ್ಕ ಮೊಣಕಾಲೂರುವರು. ಮುಂದಿನ ಸಾಲಿನವರು ತಿರುಗಿ ನೋಡುವರು. ಮೀನಿನ ಮೇಲೆ ಅಷ್ಟು ಪ್ರೀತಿಯಿದ್ದರೆ ಹಿಡಿಯಬಾರದು, ಹಿಡಿದ ಮೇಲೆ ಮನೆಗೆ ತರಬೇಕು, ಇದರಲ್ಲಿ ಅರ್ಥವಾಗದ್ದು ಎಂತದು ಎಂದು ಆಕೆ ಎಷ್ಟೋ ಸಲ ಕೇಳಿದ್ದಳು. ಅವರ ಉತ್ತರ ಯಾವಾಗಲೂ ಒಂದೇ: "ಕಡಿಮೆ ಆದದ್ದು ಹಿಡಿಯುವವನಿಗೆ ಗೊತ್ತಾಗುವುದು, ಮಾರ್ಟಿನಾ. ತಿನ್ನುವವನಿಗೆ ಅಂಗಡಿಯಲ್ಲಿ ಯಾವಾಗಲೂ ಉಂಟು."

ಮಗಳು ಸ್ಟೇಸಿಯ ಪ್ರಥಮ ಪರಮಪ್ರಸಾದದ ಊಟಕ್ಕೆ, 2013ರಲ್ಲಿ, ಮಾರ್ಟಿನಾ ತಾನು ಕೆಲಸಕ್ಕಿದ್ದ ಆಸ್ಪತ್ರೆಯ ಮೇಲ್ವಿಚಾರಕಿಯನ್ನೂ ಪಾದ್ರಿಯವರನ್ನೂ ಕರೆದಿದ್ದಳು. ಹಮ್ಮೂರ್ ತಾನೇ ತರುತ್ತೇನೆಂದು ಪಾಯ್ಸರು ಮಾತು ಕೊಟ್ಟಿದ್ದರು. ಆಕೆ ಬೆಳಗ್ಗೆಯೇ ಮಸಾಲೆ ಅರೆದಿಟ್ಟಳು. ಬಂದದ್ದು ಖಾಲಿ ಐಸ್ ಪೆಟ್ಟಿಗೆ. ಸಿಕ್ಕಿತ್ತು, ಒಳ್ಳೆಯದೇ ಸಿಕ್ಕಿತ್ತು, ಆದರೆ ನಲವತ್ತಮೂರು ಎಂದು ಉಮ್ಮರಬ್ಬ ಬಾಗಿಲಲ್ಲೇ ನಿಂತು ತಪ್ಪೊಪ್ಪಿಕೊಂಡ. ಇವತ್ತೊಂದು ದಿನ ಕಣ್ಣು ಮುಚ್ಚಿ ಎಂದು ಬೇಡಿಕೊಂಡರೂ ಇವರು ಅಳೆದು, ಬರೆದು, ನೀರಿಗೆ ಬಿಟ್ಟರಂತೆ. ಮಾರ್ಟಿನಾ ಮೀನಿನ ಮಸಾಲೆಗೆ ಬೇಯಿಸಿದ ಮೊಟ್ಟೆ ಹಾಕಿದಳು. ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಹಮ್ಮೂರ್ ಮೊದಲು ಹೆಣ್ಣಾಗಿದ್ದು, ಬೆಳೆದ ಮೇಲೆ ಕೆಲವು ಮಾತ್ರ ಗಂಡಾಗುತ್ತವೆ, ಆದ್ದರಿಂದ ದೊಡ್ಡದನ್ನೆಲ್ಲ ಹಿಡಿದು ಮುಗಿಸಿದರೆ ಸಂತತಿ ನಿಲ್ಲುತ್ತದೆ ಎಂದು ಪಾಯ್ಸರು ಪಾದ್ರಿಯವರಿಗೆ ಸವಿಸ್ತಾರವಾಗಿ ವಿವರಿಸತೊಡಗಿದರು. "ಡ್ಯಾಡ್, ಪ್ಲೀಸ್, ನಾಟ್ ಟುಡೇ" ಎಂದಳು ಬಿಳಿಯುಡುಪಿನ ಸ್ಟೇಸಿ. ಮಾರ್ಟಿನಾ ಒಂಬತ್ತು ದಿನ ಗಂಡನೊಡನೆ ಮಾತಾಡಲಿಲ್ಲ.

ಬರೆದದ್ದೆಂದರೆ, ಹಿಡಿದ ಪ್ರತಿ ಮೀನಿನ ಉದ್ದ, ದಿನ, ಭರತವೋ ಇಳಿತವೋ, ಬಿಟ್ಟದ್ದೋ ತಂದದ್ದೋ. ಏಳು ವರ್ಷಗಳಲ್ಲಿ ನಾಲ್ಕು ನೋಟುಪುಸ್ತಕ ತುಂಬಿದ್ದವು. 2017ರಲ್ಲಿ ಮೀನುಗಳ ಅಧ್ಯಯನ ನಡೆಸುತ್ತಿದ್ದ ಒಬ್ಬ ಸಂಶೋಧಕಿ ಗಾಳದವರ ಸಭೆ ಕರೆದಾಗ, ಅಬುಧಾಬಿಯ ಅಲ್ ಮೀನಾ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ನೆಪದಿಂದ ಮಾರ್ಟಿನಾಳೂ ಜೊತೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಳು. ಪಾಯ್ಸರು ಮುಂದಿಟ್ಟ ನೋಟುಪುಸ್ತಕಗಳ ಹಾಳೆಗಳನ್ನು ಸಂಶೋಧಕಿ ಬಹಳ ಹೊತ್ತು ತಿರುವಿದಳು. ಮೊದಲ ವರ್ಷ ಸರಾಸರಿ ಐವತ್ತೊಂದು, ಈಗ ಮೂವತ್ತೊಂಬತ್ತು. ಅದೇ ಜಾಗವೇ, ಅದೇ ಗಾಳವೇ ಎಂದು ಕೇಳಿದಳು. ಹೌದೆಂದ ಪಾಯ್ಸರು, ಯಾರೂ ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದರು: "ಅಲ್ಲಿ ಇನ್ನು ಯಾರೂ ಗಾಳ ಹಾಕಬಾರದು. ನಾವೂ."

ಸಭೆಯಲ್ಲಿ ಬೈಗುಳ ಎದ್ದಿತು. ಉಮ್ಮರಬ್ಬ ಎದ್ದು ಹೋಗಿ, ತನ್ನ ಕಾರಿನಲ್ಲಿ ಇವರನ್ನು ಹತ್ತಿಸಿಕೊಳ್ಳದೆ ಹೊರಟುಬಿಟ್ಟ. ತರಕಾರಿ ಚೀಲಗಳೊಂದಿಗೆ ಬಸ್ಸಿನಲ್ಲಿ ದುಬೈಗೆ ಮರಳುವಾಗ ಮಾರ್ಟಿನಾಳಿಗೆ ಕೋಪ ಉಕ್ಕುತ್ತಿತ್ತು. ಪಕ್ಕದಲ್ಲಿದ್ದವರು ಜೇಬಿನಿಂದ ಟೇಪು ತೆಗೆದು ಬಿಡಿಸುತ್ತ ಸುತ್ತುತ್ತ ಕೂತಿರುವುದನ್ನು ಕಂಡು, ಬೈಯಲು ಸಿದ್ಧಪಡಿಸಿದ್ದ ಮಾತನ್ನು ಆಕೆ ನುಂಗಿಕೊಂಡಳು. ಈ ಮನುಷ್ಯನಿಗೆ ಇದ್ದ ಸುಖ ಆ ಕೊಲ್ಲಿಯ ಗಾಳವೊಂದೇ ಎಂಬುದು ಆಕೆಗಲ್ಲದೆ ಯಾರಿಗೆ ಗೊತ್ತಿತ್ತು?

ಮರುವರ್ಷ ಕೊಲ್ಲಿಯಲ್ಲಿ ಮೀನು ಹಿಡಿಯುವುದು ನಿಷೇಧವಾಯಿತು. ಕಡೆಗೂ ಶುಕ್ರವಾರಗಳು ತನ್ನವಾದವೆಂದು ಮಾರ್ಟಿನಾ ನಿಟ್ಟುಸಿರು ಬಿಟ್ಟಳು. ಮೊದಲ ಶುಕ್ರವಾರವೇ ಪಾಯ್ಸರು ಟ್ಯಾಕ್ಸಿ ಹಿಡಿದು ಅಲ್ಲಿಗೇ ಹೊರಟರು. ತಿಳಿಯದೆ ಬರುವವರಿಗೆ ತಿಳಿಸಲು ಒಬ್ಬರು ಬೇಡವೇ ಎಂಬುದು ಅವರ ವಾದ. ಒಮ್ಮೆ ಯಾರೋ ಕೊರಳಪಟ್ಟಿ ಹಿಡಿದು ಕಳಿಸಿದರು. ಹರಿದ ಅಂಗಿಯನ್ನು ಹೊಲಿದುಕೊಟ್ಟವಳು ಮಾರ್ಟಿನಾ, ಪ್ರತಿ ಹೊಲಿಗೆಗೂ ಒಂದು ಶಾಪ ಹಾಕುತ್ತಾ. ಸಭೆಯ ದಿನದಿಂದ ಮುಖ ತಿರುಗಿಸಿದ್ದ ಉಮ್ಮರಬ್ಬ ಇದನ್ನು ಕೇಳಿ, ಮುಂದಿನ ಶುಕ್ರವಾರ ಕಟ್ಟಡದ ಕೆಳಗೆ ಹಾರ್ನ್ ಹೊಡೆದ. "ಯಲ್ಲಾ ಪಾಯ್ಸ್, ಹತ್ತಿ. ನಿಮ್ಮನ್ನು ಒಬ್ಬರನ್ನೇ ಬಿಟ್ಟರೆ ಕೊಂದೇ ಹಾಕ್ತಾರೆ ಮಾರಾಯ್ರೆ."

ಇಂಥವರೊಡನೆ ಬಾಳುವುದು ಕಷ್ಟ. ತಮಗೆ ಪ್ರಿಯವಾದದ್ದನ್ನು ಬಿಡುವಾಗ ಮನೆಯವರ ಬಟ್ಟಲನ್ನೂ ಗೆಳೆಯರ ಗಾಳವನ್ನೂ ಕೇಳದೆಯೇ ಜೊತೆಗೆ ಸೇರಿಸಿ ಬಿಟ್ಟುಬಿಡುತ್ತಾರೆ, ಆಮೇಲೆ ನಾವು ಯಾಕೆ ಸಿಟ್ಟಾದೆವೆಂದು ನಿಜಕ್ಕೂ ಬೆರಗಾಗುತ್ತಾರೆ. ಸಮುದ್ರವನ್ನು ದಡದಿಂದ ನೋಡಿ ಹೊಗಳುವವರು ಬಹಳ ಮಂದಿ. ಅದು ಬರಿದಾಗುತ್ತಿರುವುದನ್ನು ಅದರಲ್ಲಿ ಕೈಯಿಟ್ಟ ಈ ಆಸೆಬುರುಕರೇ ಮೊದಲು ಕಂಡುಕೊಳ್ಳುತ್ತಾರೆ. ಕಂಡ ಮೇಲೆ ಕೈ ಹಿಂದೆಗೆಯುವವರು ನೂರಕ್ಕೊಬ್ಬರು. ಆ ಒಬ್ಬರು ತನ್ನ ಪಾಲಿಗೇ ಏಕೆ ಬಂದರೆಂದು ಒಂದು ಮನೆ ಸದಾ ಗೊಣಗುತ್ತಿರುತ್ತದೆ, ಗೊಣಗುತ್ತಲೇ ಅವರಿಗೆ ಬುತ್ತಿ ಕಟ್ಟಿ ಕಳಿಸುತ್ತಿರುತ್ತದೆ.