ಗಜಕಡ್ಡಿ ಅಜ್ಜನ ಸ್ಟೂಲು

ಬಡಗಿ ಅಜ್ಜನನ್ನು ಬೀದಿಯವರೆಲ್ಲ ಗಜಕಡ್ಡಿ ಎಂದೇ ಕರೆಯುತ್ತಿದ್ದರು. ಕಣ್ಣಳತೆಯನ್ನು ನಂಬಿದವನೇ ಅಲ್ಲ. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಟೇಪು. ಅರವತ್ತೆಂಟಾದರೂ ಬಿಪಿ ಇಲ್ಲ, ಶುಗರ್ ಇಲ್ಲ. ಆದರೆ ಹೋದ ವಾರ ಏಣಿಯ ಮೂರನೇ ಮೆಟ್ಟಿಲಲ್ಲಿ ತೊಡೆ ಗಡಗಡ ನಡುಗಿತ್ತು. ಯಾರಿಗೂ ಹೇಳಿರಲಿಲ್ಲ. ಮಗನಿಗೆ ಗೊತ್ತಾದರೆ ಏಣಿ ಕಸಿದುಕೊಂಡು ಮೂಲೆಗೆ ಕೂರಿಸಿಬಿಡುತ್ತಾನೆ ಎಂಬ ಭಯ.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಅಜ್ಜನ ಅಂಗಡಿಗೇ ಬಂದಳು.

"ಅರವತ್ತು ದಾಟಿದೋರ ಶಕ್ತಿ ಪರೀಕ್ಷೆ ಮಾಡ್ತಿದೀವಿ ಅಜ್ಜ. ಅರ್ಧ ನಿಮಿಷ ಸಾಕು."

"ನನಗೇನು ರೋಗ ಬಂದಿದೆ? ದಿನವೆಲ್ಲ ಗರಗಸ ಎಳೀತೀನಿ!"

"ಚೆನ್ನಾಗಿರೋರಿಗೇ ಈ ಪರೀಕ್ಷೆ. ಬಿದ್ದ ಮೇಲೆ ಅಳೆದು ಏನು ಮಾಡೋದು? ಗರಗಸ ಎಳೆಯೋದು ತೋಳು, ನಿಮ್ಮನ್ನ ಎತ್ತೋದು ಕಾಲು. ಕೈ ಎದೆ ಮೇಲೆ ಕಟ್ಕೊಂಡು ಕುರ್ಚಿಯಿಂದ ಪೂರ್ತಿ ಎದ್ದು, ಪೂರ್ತಿ ಕೂರಬೇಕು. ಮೂವತ್ತು ಸೆಕೆಂಡಲ್ಲಿ ನಿಮ್ಮ ವಯಸ್ಸಿನ ಗಂಡಸರಿಗೆ ಹನ್ನೆರಡಾದ್ರೂ ಬರಬೇಕು. ಎದೆ ನೋವು, ತಲೆಸುತ್ತು ಬಂದ್ರೆ ತಕ್ಷಣ ನಿಲ್ಲಿಸಿ."

ಅಜ್ಜ ತನ್ನ ಸ್ಟೂಲಿನಲ್ಲೇ ಕೂತ, ಎದ್ದ, ಕೂತ. ಹದಿನಾಲ್ಕು! "ನೋಡಿದ್ಯಾ ಮಗಳೇ?" ಎಂದು ಮೀಸೆ ತಿರುವಿದ.

ಬಾಗಿಲಲ್ಲಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. "ಆ ಸ್ಟೂಲಿನ ಕಾಲು ನೋಡು ನರ್ಸಮ್ಮ. ಏಳೋಕೆ ಕಷ್ಟ ಆದಾಗೆಲ್ಲ ಕೆಳಗೆ ಒಂದೊಂದು ಮರದ ತುಂಡು ಬಡೀತಾರೆ. ಐದು ವರ್ಷದಲ್ಲಿ ಮೂರು ಸಲ! ಕೇಳಿದ್ರೆ ಸ್ಟೂಲೇ ತಗ್ಗು ಅಂತಾರೆ."

"ಸುಮ್ನಿರೇ ನೀನು!"

ನರ್ಸಮ್ಮ ಅವನದೇ ಟೇಪು ಹಿಡಿದು ಅಳೆದಳು. ಇಪ್ಪತ್ತೊಂದು ಇಂಚು. "ಪರೀಕ್ಷೆ ಕುರ್ಚಿ ಹದಿನೇಳು ಇಂಚು ಅಜ್ಜ."

ಮನೆಯೊಳಗಿಂದ ಹದಿನೇಳು ಇಂಚಿನ ಕುರ್ಚಿ ತಂದು, ಗೋಡೆಗೆ ಆನಿಸಿ, ಪಕ್ಕದಲ್ಲೇ ನಿಂತಳು. ಆರು ಸಲ ಎದ್ದ. ಏಳನೆಯದಕ್ಕೆ ಕೈ ತಾನಾಗಿ ಮೊಣಕಾಲಿಗೆ ಹೋಯಿತು.

"ಕೈ ಊರಿದ್ರೆ ಲೆಕ್ಕಕ್ಕಿಲ್ಲ."

ಅಜ್ಜನ ಮುಖ ಸಣ್ಣದಾಯಿತು. "ಏಣಿ ಮೇಲೆ ಕಾಲು ನಡುಗಿತ್ತಮ್ಮ," ಎಂದ ಮೆಲ್ಲಗೆ. "ಇನ್ನು ನನ್ನ ಕೆಲಸ ಮುಗೀತಾ?"

"ಯಾರು ಹೇಳಿದ್ದು? ಸದ್ಯಕ್ಕೆ ಏಣಿ ಬೇಡ. ಒಮ್ಮೆ ಡಾಕ್ಟರಿಗೆ ತೋರಿಸಿ. ಆಮೇಲೆ ದಿನಾ ಇದೇ ಕುರ್ಚಿಯಲ್ಲಿ ಐದು ಸಲ ಎದ್ದು ಕೂತು, ಸುಧಾರಿಸ್ಕೊಂಡು ಮತ್ತೆ ಐದು. ಸಂಜೆ ನಡಿಗೆ. ಮೂರು ತಿಂಗಳಿಗೆ ಮತ್ತೆ ಬರ್ತೀನಿ."

ಡಾಕ್ಟರಿಗೆ ತೋರಿಸಿ ಬಂದ ಅಜ್ಜ ಹಟ ಹಿಡಿದು ದಿನಾ ಎದ್ದು ಕೂತ. ತಿಂಗಳಾಗುತ್ತಲೇ ಸ್ಟೂಲು ಮಗುಚಿ, ತೀರ ಕೆಳಗಿನ ಸುತ್ತಿನ ತುಂಡುಗಳನ್ನು ಗರಗಸದಿಂದ ಕೊಯ್ದ.

"ಯಾಕಪ್ಪಾ, ಒಳ್ಳೇ ಸ್ಟೂಲು ಹಾಳು ಮಾಡ್ತಿದೀರಿ?" ಮಗ ಕೇಳಿದ.

"ಅಳತೆ ತಪ್ಪಿತ್ತು ಕಣೋ," ಎಂದ ಅಜ್ಜ. ಏಣಿಯ ವಿಷಯವನ್ನೂ ಹೇಳಿಬಿಟ್ಟ.

ಮೂರನೇ ತಿಂಗಳಿಗೆ ಮೂರು ಸುತ್ತಿನ ತುಂಡುಗಳೂ ಒಲೆ ಸೇರಿದ್ದವು. ಮತ್ತೆ ಬಂದ ನರ್ಸಮ್ಮ ಹದಿನೇಳು ಇಂಚಿನ ಕುರ್ಚಿಯಲ್ಲೇ ಕೂರಿಸಿ ಎಣಿಸಿದಳು: ಹನ್ನೆರಡು. ಕೈ ಎದೆ ಬಿಟ್ಟು ಕದಲಲಿಲ್ಲ. ಮರುದಿನ ಮಗನೇ ಏಣಿ ತಂದು, ಬುಡ ಗಟ್ಟಿಯಾಗಿ ಹಿಡಿದು ನಿಂತ. "ಹತ್ತಿ ಅಪ್ಪಾ."

ಓದುತ್ತಿರುವವರೇ, ನಿಮ್ಮ ಮನೆಯ ಹಿರಿಯರು ಏಳುವಾಗ ಕೈ ಎಲ್ಲಿ ಊರುತ್ತಾರೆ, ನೋಡಿದ್ದೀರಾ? "ವಯಸ್ಸಾಯ್ತು ಬಿಡಿ" ಎಂದು ಅವರನ್ನು ಮೂಲೆಗೆ ತಳ್ಳುವ ಮಾತು ಇವತ್ತಿಗೆ ಸಾಕು. ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ಅಳೆಸಿರಿ. ಕುರ್ಚಿ ಎತ್ತರಿಸಬೇಡಿ, ಕಾಲಿಗೆ ಬಲ ತುಂಬಿರಿ!